ಹೈದರನ ನಿದ್ದೆ

ಚಾಪೆಗೆ ತಲೆ ಕೊಟ್ಟದ್ದೇ ತಡ, ಹೈದರನ ಗೊರಕೆ ಶುರುವಾಯಿತು. ಹೊರಗೆ ಬಿಸಿಲು ಏರುತ್ತಿತ್ತು. ಹಾಲಿನ ಕ್ಯಾನುಗಳನ್ನು ಲಾರಿಗೆ ಎತ್ತಿ ಹಾಕುವ ಸದ್ದಿಗೆ ಕೋಣೆಯ ಗೋಡೆಯೇ ಅದುರುತ್ತಿತ್ತು. ಪಕ್ಕದ ಚಾಪೆಯ ಮೇಲೆ ಕುಕ್ಕಪ್ಪ ಮೊಣಕೈ ಊರಿಕೊಂಡು ಅವನನ್ನೇ ನೋಡುತ್ತಿದ್ದ. ಒಂದು ನೊಣ ಹೈದರನ ಮೂಗಿನ ಮೇಲೆ ಕೂತು, ನಿಧಾನವಾಗಿ ತುಟಿಯವರೆಗೆ ನಡೆದು ಬಂತು. ತನ್ನ ಮುಖದ ಮೇಲೇ ನಡೆದಂತಾಗಿ ಕುಕ್ಕಪ್ಪ ಗಲ್ಲ ಉಜ್ಜಿಕೊಂಡ. ಹೈದರ್ ಅಲುಗಲಿಲ್ಲ.

ಕೊಯಿಲದ ಸರ್ಕಾರಿ ದನದ ಫಾರ್ಮಿನಲ್ಲಿ ಇಬ್ಬರಿಗೂ ಒಂದೇ ಪಾಳಿ. ಒಂದು ವಾರ ಹಗಲು, ಒಂದು ವಾರ ರಾತ್ರಿ. ವಾರ ತಿರುಗಿದ ಹಾಗೆ ಹೈದರನ ನಿದ್ದೆಯೂ ತಿರುಗುತ್ತಿತ್ತು, ಅಂಗಿ ಬದಲಾಯಿಸಿದಷ್ಟು ಸುಲಭವಾಗಿ. ಕುಕ್ಕಪ್ಪನ ನಿದ್ದೆ ಮಾತ್ರ ಹಗಲಿಡೀ ಎಲ್ಲೋ ಅಲೆದು, ರಾತ್ರಿ ಹಟ್ಟಿಯ ಕಾವಲಿಗೆ ಕೂತಾಗ ಅವನನ್ನು ಹುಡುಕಿಕೊಂಡು ಬರುತ್ತಿತ್ತು. ಮೊನ್ನೆ ಹಾಗೆಯೇ ಅವನು ಹುಲ್ಲಿನ ರಾಶಿಗೆ ಒರಗಿ ತೂಕಡಿಸುತ್ತಿದ್ದಾಗ ಒಂದು ಹಸು ಕರು ಹಾಕಿತ್ತು. ಚರಂಡಿಗೆ ಜಾರಿದ ಕರುವನ್ನು ಎತ್ತಿ, ಮೂಗಿನ ಲೋಳೆ ತೆಗೆದು, ಒಣಹುಲ್ಲಿನಲ್ಲಿ ತಿಕ್ಕಿ ಬದುಕಿಸಿದವನು ಹೈದರ್.

ಆ ಬೆಳಗ್ಗೆಯೇ ಮೇಸ್ತ್ರಿ ಚೆನ್ನಕೇಶವ ಎಲ್ಲರ ಎದುರಿಗೇ ಹೇಳಿದ್ದ. "ಇನ್ನೊಂದು ಸಲ ನೀನು ಕಣ್ಣು ಮುಚ್ಚಿದ್ದು ಗೊತ್ತಾದ್ರೆ ಗಂಟುಮೂಟೆ ಕಟ್ಟಿ ಜಾಲ್ಸೂರಿನ ಬಸ್ಸು ಹತ್ತು. ಹೈದರನನ್ನು ನೋಡಿ ಕಲಿ ಮಾರಾಯ. ಹಗಲು ಮಲಗ್ಲಿಕ್ಕೂ ಸರ್ಕಾರದವರೇ ಕಲಿಸ್ಬೇಕಾ ನಿನಗೆ?"

ಎಲ್ಲರೂ ನಕ್ಕಿದ್ದರು. ಜಾಲ್ಸೂರಿನಲ್ಲಿ ಹೆಂಡತಿ ಪೂವಮ್ಮ, ಗಂಡನಿಗೆ ಸರ್ಕಾರಿ ಕೆಲಸ ಸಿಕ್ಕಿತೆಂದು ಹರಕೆ ತೀರಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಕುಕ್ಕಪ್ಪ ಕಲಿಯತೊಡಗಿದ. ಹೈದರನಂತೆ ಗಂಜಿ ಉಂಡು ಮಲಗಿದ. ಅವನಂತೆ ನೆತ್ತಿಗೆ ಎಣ್ಣೆ ಹಾಕಿಕೊಂಡ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡ. ಕೊನೆಗೆ ಹೈದರನೇ ಕನಿಕರದಿಂದ ತನ್ನ ಚಾಪೆಯನ್ನು ಇತ್ತ ಎಳೆದಿದ್ದ. "ತಗೊಳ್ಳಿ ಕುಕ್ಕಪ್ಪಣ್ಣ. ನಿದ್ದೆ ಇದ್ರಲ್ಲೇ ಅಂಟಿಕೊಂಡು ಉಂಟಾದ್ರೆ ನಿಮಗೇ ಇರ್ಲಿ." ಕುಕ್ಕಪ್ಪನ ಚಾಪೆಯಲ್ಲೂ ಹೈದರ್ ಹಾಗೆಯೇ ಗೊರಕೆ ಹೊಡೆದ. ಅನ್ನ ಕದ್ದವನನ್ನಾದರೂ ಕ್ಷಮಿಸಬಹುದು, ಎದುರಿಗೇ ಕೂತು ಹೊಟ್ಟೆ ತುಂಬ ಉಣ್ಣುವವನನ್ನು ಹೇಗೆ ಕ್ಷಮಿಸುವುದು ಎಂದು ಕುಕ್ಕಪ್ಪನಿಗೆ ಅನ್ನಿಸಿತ್ತು.

ಇವತ್ತೂ ಸಂಜೆಯವರೆಗೆ ಅವನ ರೆಪ್ಪೆ ಕೂಡಲಿಲ್ಲ. ಹೈದರ್ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಬೈರಾಸಿನಲ್ಲಿ ಒರೆಸುತ್ತಾ ಒಳಗೆ ಬಂದ. ಅವನ ಕಣ್ಣು ಮಗುವಿನ ಕಣ್ಣಿನ ಹಾಗೆ ತಿಳಿಯಾಗಿತ್ತು.

"ಎಂತ ಕುಕ್ಕಪ್ಪಣ್ಣ, ಇವತ್ತೂ ಇಲ್ವಾ?"

"ನೀನು ಬಿಡ್ಬೇಕಲ್ಲ."

"ಗೊರಕೆಯಾ? ಆಸಿಯಾಳದ್ದೂ ಅದೇ ದೂರು. ಮದುವೆಯಾದ ಲಾಗಾಯ್ತು ಅವಳು ಕಿವಿಗೆ ಹತ್ತಿ ಇಟ್ಟೇ ಮಲಗುದು."

"ಗೊರಕೆ ಅಲ್ಲ. ಮಾತು." ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದಿತ್ತು.

"ಮಾತಾ? ನಾನಾ? ಎಂತ ಹೇಳಿದ್ದು?"

ಹೈದರ್ ಒಂದಕ್ಷರವೂ ಆಡಿರಲಿಲ್ಲ. ಕುಕ್ಕಪ್ಪ ಚಾಪೆ ಸುತ್ತುತ್ತಾ ಹೇಳಿದ, "ಬಿಡು ಮಾರಾಯ. ನಾನು ಯಾರ ಹತ್ರವೂ ಹೇಳುದಿಲ್ಲ."

ಹೈದರ್ ಈಗ ನಗುತ್ತಾನೆ, ತಮಾಷೆ ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದ. ಹೈದರ್ ನಗಲಿಲ್ಲ. ಬೈರಾಸು ಕೈಯಲ್ಲೇ ಉಳಿಯಿತು. ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ಸ್ವರ ತಗ್ಗಿಸಿ ಕೇಳಿದ.

"ಹೆಸರು ಹೇಳಿದ್ದೇನಾ?"

ಕುಕ್ಕಪ್ಪ ಅವನ ಮುಖವನ್ನು ನೋಡಿದ. ಆ ಮುಖದಲ್ಲಿ ಅಂಥದೊಂದು ಬಾಗಿಲು ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಹೂಂ," ಎಂದ.

ಮರುದಿನ ಬೆಳಗ್ಗೆ ಪಾಳಿ ಮುಗಿಸಿ ಬಂದ ಹೈದರ್ ಗಂಜಿ ಮುಟ್ಟಲಿಲ್ಲ. ಬೈರಾಸನ್ನು ಬಾಯಿಗೆ ಅಡ್ಡಲಾಗಿ ಬಿಗಿದು, ಹಿಂದೆ ಗಂಟು ಹಾಕಿ, ಗೋಡೆಯ ಕಡೆಗೆ ತಿರುಗಿ ಮಲಗಿದ. ಕುಕ್ಕಪ್ಪ ಕಾದ. ಗೊರಕೆ ಬರಲಿಲ್ಲ. ಚಾಪೆ ಕರಕರ ಎಂದಿತು. ಹೈದರ್ ಇತ್ತ ಹೊರಳಿದ, ಅತ್ತ ಹೊರಳಿದ, ಎದ್ದು ಕೂತು ನಿಟ್ಟುಸಿರು ಬಿಟ್ಟು ಮತ್ತೆ ಬಿದ್ದುಕೊಂಡ. ಎಲ್ಲಾ ಸುಳ್ಳು ಎಂದು ಹೇಳಿಬಿಡಬೇಕು ಎಂದು ಕುಕ್ಕಪ್ಪನಿಗೆ ಅನ್ನಿಸಿತು. ಇನ್ನೊಮ್ಮೆ ಹೊರಳಲಿ, ಆಮೇಲೆ ಹೇಳುತ್ತೇನೆ. ಇನ್ನೂ ಒಮ್ಮೆ. ಆ ಕರಕರ ಸದ್ದು ಕೇಳುತ್ತಾ ಕೇಳುತ್ತಾ ಅವನ ಕೈಕಾಲು ಸಡಿಲವಾದವು, ರೆಪ್ಪೆ ಭಾರವಾಯಿತು. ಹಾಲಿನ ಲಾರಿ ಬಂದು ಹೋದದ್ದು ಅವನಿಗೆ ತಿಳಿಯಲೇ ಇಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಮೈಯೆಲ್ಲ ಹಗುರ. ಹೈದರ್ ಅವನ ತಲೆಯ ಹತ್ತಿರವೇ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಕೆಂಡದಂತೆ ಕೆಂಪಾಗಿತ್ತು, ಬೈರಾಸು ಕೊರಳಿಗೆ ಇಳಿದಿತ್ತು. ಕುಕ್ಕಪ್ಪ ದಡಕ್ಕನೆ ಎದ್ದು ಕೂತ.

"ನಾನು ನಿದ್ದೆಯಲ್ಲಿ ಎಂತಾದ್ರೂ ಹೇಳಿದೆನಾ?"

"ಇಲ್ಲ." ಹೈದರ್ ತಲೆಯಲ್ಲಾಡಿಸಿದ. "ನೀವೂ ಮಾತಾಡ್ತೀರಾ ಅಂತ ಬೆಳಗ್ಗಿನಿಂದ ಕಿವಿ ಕೊಟ್ಟು ಕೂತಿದ್ದೇನೆ. ಒಂದು ಶಬ್ದ ಇಲ್ಲ." ಕುಕ್ಕಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ:

"ನಿಮ್ಮ ನಸೀಬು ಕಂಡರೆ ಅಸೂಯೆ ಆಗ್ತದೆ ಕುಕ್ಕಪ್ಪಣ್ಣ. ಹೊಟ್ಟೆಯ ಒಳಗೆ ಎಂತದೂ ಇಲ್ಲ."