ತಿದ್ದಿದ ಅಮ್ಮ

ಕರಡಚ್ಚಿನ ಹಾಳೆಗಳನ್ನು ಮುದ್ರಕ ಟ್ರಾಂಟರ್ ತಾನೇ ಹೊತ್ತು ತಂದಿದ್ದ. ಲಂಡನ್ನಿನ ಟಾಟನ್‌ಹ್ಯಾಮಿನಲ್ಲಿ ಎಲ್ಡಿಕಾ ಪ್ರೆಸ್ಕಾಡಳ ಮನೆಯ ಮುಂದಿನ ಕೋಣೆಯೇ ಅವಳ ಪ್ರಕಾಶನದ ಕಚೇರಿ. ಸೋಫಾ, ಕಿಟಕಿಕಟ್ಟೆ, ಮೆಟ್ಟಿಲು, ಎಲ್ಲಿ ನೋಡಿದರೂ ಪುಸ್ತಕದ ಕಟ್ಟುಗಳು. ಅವುಗಳ ನಡುವೆ ಜಾಗ ಮಾಡಿಕೊಂಡು, ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಬಂದಿದ್ದ ಯುಲಾಲಿ ಕೇಟೋ ಕೂತಿದ್ದಳು. ನಲವತ್ತಾರನೆಯ ವಯಸ್ಸಿನಲ್ಲಿ ಅವಳ ಮೊದಲ ಪುಸ್ತಕ. ಹದಿನೈದು ವರ್ಷ ವಾರ್ಡುಗಳ ನೆಲ ಒರೆಸಿದ ಕೈಯನ್ನು ಅಂಗಿಗೆ ಉಜ್ಜಿಕೊಂಡು ಹಾಳೆ ಮುಟ್ಟಿದಳು.

"ಒಂದು ತಪ್ಪೂ ಉಳಿದಿಲ್ಲ, ಮಿಸೆಸ್ ಕೇಟೋ," ಎಂದ ಟ್ರಾಂಟರ್ ಟೋಪಿ ತೆಗೆದು. "ನಾಲ್ಕು ಸಂಜೆ ಕೂತು ಎಲ್ಲಾ ಸರಿ ಮಾಡಿದೀನಿ. ಯಾರೂ ಹೇಳಲಿಲ್ಲ, ನಾನಾಗೇ ಮಾಡಿದ್ದು."

ಎಲ್ಡಿಕಾ ಎರಡು ಹಾಳೆ ತಿರುವಿದಳು. ಅವಳ ಮುಖ ಬಿಗಿಯಿತು. "ಇದನ್ನೆಲ್ಲ ಯಾಕೆ ಮುಟ್ಟಿದ್ರಿ?"

"ಜನ ನಗಬಾರದಲ್ಲ! ಮೂವತ್ತೆಂಟು ವರ್ಷದಿಂದ ಅಚ್ಚುಮೊಳೆ ಜೋಡಿಸ್ತಿದೀನಿ. ನನ್ನ ಪ್ರೆಸ್ಸಿಂದ ತಪ್ಪು ಇಂಗ್ಲಿಷ್ ಆಚೆಗೆ ಹೋಗಿಲ್ಲ."

"ತಪ್ಪು ಇಂಗ್ಲಿಷಲ್ಲ ಸ್ವಾಮಿ, ಅದು ಸೇಂಟ್ ವಿನ್ಸೆಂಟಿನ ಮಾತು. ಇವರ ಕೆರಿಬಿಯನ್ ದ್ವೀಪದಲ್ಲಿ ಮಾತಾಡೋದೇ ಹಾಗೆ. ಕರಿಯರ ಮಾತನ್ನ ಅವರ ಬಾಯಿಂದ ಬಂದ ಹಾಗೇ ಅಚ್ಚು ಹಾಕೋರು ಈ ಊರಲ್ಲಿ ಸಿಗಲ್ಲ ಅಂತ ತಾನೇ ನಾನು ಕೂರೋಕೆ ಜಾಗ ಇಲ್ಲದ ಹಾಗೆ ಮನೆ ತುಂಬ ಕಾಗದ ತುಂಬ್ಕೊಂಡಿರೋದು!"

ಯುಲಾಲಿಗೆ ಸಿಟ್ಟು ಬರಲಿಲ್ಲ. ನಿಜ ಹೇಳಬೇಕೆಂದರೆ ಜೀವ ಹಗುರಾಯಿತು. ವಾರ್ಡಿನಲ್ಲಿ ಅವಳು ಬಾಯಿ ತೆರೆದರೆ ಸಾಕು, "ಏನಂದೆ? ಇಂಗ್ಲಿಷಲ್ಲಿ ಹೇಳಮ್ಮಾ," ಎಂದು ದೊಡ್ಡ ನರ್ಸ್ ಕೇಳುವಳು, ಮಂಚಗಳ ಮೇಲಿದ್ದವರು ನಗುವರು. ಇನ್ನು ನಗುವುದಕ್ಕೆ ಏನೂ ಉಳಿದಿಲ್ಲ.

"ಬಿಡಿ ಟೀಚರ್," ಎಂದಳು. ಎಲ್ಡಿಕಾ ಗಯಾನಾದಲ್ಲಿ ಶಾಲೆಯಲ್ಲಿ ಕಲಿಸಿ ಬಂದವಳು; ಅವಳಿಗಿಂತ ಹಿರಿಯರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು. "ಪಾಪ, ಕಷ್ಟಪಟ್ಟಿದಾರೆ. ಬಿಡುಗಡೆ ದಿನ ಚರ್ಚ್ ಹಾಲಿಗೆ ಓದಿದವರೆಲ್ಲ ಬರ್ತಾರೆ. ಅವರ ಮುಂದೆ ನನ್ನ ಹರಕು ಮಾತು ಯಾಕೆ? ನೋಡಿ, ಎಷ್ಟು ನೀಟಾಗಿದೆ!"

ಎಲ್ಡಿಕಾ ವಾದಕ್ಕೆ ಇಳಿಯಲಿಲ್ಲ. "ಆಯ್ತಕ್ಕ. ಪುಸ್ತಕ ನಿಮ್ದು. ಆವತ್ತು ಎದ್ದು ನಿಂತು ಓದೋರೂ ನೀವೇ ತಾನೇ? ಆ ಬಂದರಿನ ಪುಟ ಈಗ್ಲೇ ಒಂದ್ಸಲ ಓದಿಬಿಡಿ."

ಯುಲಾಲಿ ಕನ್ನಡಕ ಏರಿಸಿ ಎದ್ದು ನಿಂತಳು. ಅವಳು ಊರು ಬಿಟ್ಟ ಬೆಳಗಿನ ಕಥೆ ಅದು. ಆರಾರೂಟಿನ ಗೆಡ್ಡೆ ಅಗೆಯುತ್ತಿದ್ದ ಅಮ್ಮ ಕಾಲಿನ ಮಣ್ಣನ್ನೂ ತೊಳೆಯದೆ ಹೊಲದಿಂದ ನೆಟ್ಟಗೆ ಬಂದರಿಗೆ ಓಡಿ ಬಂದಿದ್ದಳು. ಅಲ್ಲಿಯವರೆಗೆ ಓದು ಸರಾಗವಾಗಿ ಸಾಗಿತು. ಮುಂದಿನದು ಅಮ್ಮನ ಮಾತು.

"'ಪ್ರಿಯ ಮಗಳೇ, ನೀನು ಹೊರಡುತ್ತಿರುವೆ. ದಯವಿಟ್ಟು ಹಿಂತಿರುಗಿ ನೋಡಬೇಡ. ನನ್ನ ಕಣ್ಣೀರನ್ನು ಕಂಡರೆ ನಿನ್ನ ಪ್ರಯಾಣಕ್ಕೆ ಅಡಚಣೆಯಾದೀತು.'"

ಯುಲಾಲಿ ಓದು ನಿಲ್ಲಿಸಿದಳು. ಮತ್ತೊಮ್ಮೆ ಅದೇ ಸಾಲನ್ನು ಮನಸ್ಸಿನಲ್ಲೇ ಓದಿಕೊಂಡಳು. ಕನ್ನಡಕ ತೆಗೆದಳು.

"ಯಾರಿದು? ಪಾದ್ರಿ ಹೆಂಡತಿ ಥರ ಮಾತಾಡ್ತಿದಾಳಲ್ಲ!"

"ಅರ್ಥ ಅದೇ ಅಲ್ವಾ, ಮಿಸೆಸ್ ಕೇಟೋ?" ಎಂದ ಟ್ರಾಂಟರ್.

ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಕೈಬರಹದ ಒಂದು ಚೀಟಿಯೂ ಇಲ್ಲ. ಅವಳು ತೀರಿಕೊಂಡಳೆಂಬ ತಂತಿ ಕೈಸೇರುವ ಹೊತ್ತಿಗೆ ಅಲ್ಲಿ ಮಣ್ಣು ಮಾಡಿ ಎರಡು ದಿನವಾಗಿತ್ತು. ಆ ಚಳಿಗಾಲದಲ್ಲಿ ಯುಲಾಲಿ ಮಕ್ಕಳ ನೋಟ್‌ಬುಕ್ಕೊಂದನ್ನು ಕೊಂಡು ಬರೆಯಲು ಕೂತದ್ದು ಲೇಖಕಿಯಾಗಲೆಂದಲ್ಲ. ಆ ದನಿ ಎಲ್ಲಿ ಕಿವಿಯಿಂದ ಜಾರಿಹೋಗುತ್ತದೋ ಎಂಬ ಹೆದರಿಕೆಗೆ. ಇದನ್ನು ಎಲ್ಡಿಕಾಗೂ ಹೇಳಿರಲಿಲ್ಲ. ಈಗ ಹಾಳೆಯನ್ನು ಕೆಳಗಿಟ್ಟು, ಕಣ್ಣು ಮುಚ್ಚಿ ಹೇಳಿದಳು:

"'ಓಗ್ತೀಯ, ಓಗವ್ವ. ಇಂದಕ್ ಮಾತ್ರ ತಿರುಗ್ ನೋಡ್ಬ್ಯಾಡ. ನಾನು ಅಳೋದ್ನ ನೀನು ಕಂಡ್ಯೋ, ಆ ಅಡಗು ಮುಂದಕ್ ಓಗಾಕಿಲ್ಲ ಕಣೆ.'"

ಟ್ರಾಂಟರ್ ಟೋಪಿಯನ್ನು ಬೆರಳುಗಳಲ್ಲಿ ತಿರುಗಿಸುತ್ತಾ ನಿಂತಿದ್ದ. "ಹಡಗೇ ಮುಂದಕ್ಕೆ ಹೋಗಲ್ಲ ಅಂದ್ರಾ ಅವರು?" ಎಂದ ಕೊನೆಗೆ. "ಅದನ್ನ ನಾನು 'ಅಡಚಣೆ' ಮಾಡಿಬಿಟ್ಟೆ."

"ನನ್ನ ಮಾತು ಎಷ್ಟು ಬೇಕಾದ್ರೂ ತಿದ್ದಿ ಟ್ರಾಂಟರ್ ಅವರೇ, ಅಮ್ಮನ್ನ ತಿದ್ದಬೇಡಿ," ಎಂದಳು ಯುಲಾಲಿ. ಕೆಳಗಿಟ್ಟ ಹಾಳೆಯನ್ನು ಅವನತ್ತ ಸರಿಸಿ, "ಬೇಡ, ನಂದೂ ತಿದ್ದಬೇಡಿ. ಅವಳ ಹತ್ರಾನೇ ಕಲಿತದ್ದು," ಎಂದಳು.

"ಅರವತ್ತು ಪುಟ ಬಿಚ್ಚಿ ಮತ್ತೆ ಜೋಡಿಸಬೇಕು," ಎಂದ ಟ್ರಾಂಟರ್. ಗೊಣಗಾಟವಿರಲಿಲ್ಲ; ಲೆಕ್ಕ ಹಾಕುವವನ ದನಿ. "ಬರೀ ನೋಡ್ಕೊಂಡು ಜೋಡಿಸಿದ್ರೆ ಈ ಕೈ ಮತ್ತೆ ತಾನಾಗೇ ತಿದ್ದಿಬಿಡುತ್ತೆ, ಅಭ್ಯಾಸ. ಕಿವಿಗೆ ಬಿದ್ರೆ ಆಗುತ್ತೆ. ನೀವು ಬಂದು ಓದ್ತೀರಾ?"

ಯುಲಾಲಿ ಪಾಳಿ ಮುಗಿಸಿ ಹತ್ತು ಮಧ್ಯಾಹ್ನ ಅವನ ಪ್ರೆಸ್ಸಿಗೆ ಹೋದಳು. ಅಕ್ಷರಕ್ಕೊಂದು ಗೂಡಿರುವ ಮೊಳೆಗಳ ಮಣೆಯ ಪಕ್ಕ ಸ್ಟೂಲಿನ ಮೇಲೆ ಕೂತು ಅವಳು ಓದುವಳು, ಅವನು ಜೋಡಿಸುವನು. ಮೊದಲ ದಿನ ಪ್ರತಿ ಸಾಲಿಗೂ ಹುಬ್ಬು ಗಂಟಿಕ್ಕುತ್ತಿದ್ದವನು, ಬರಬರುತ್ತಾ ಅವಳ ಜೊತೆ ತಾನೂ ತುಟಿಯಲ್ಲೇ ಆ ಮಾತನ್ನು ಆಡಿಕೊಂಡು ಜೋಡಿಸತೊಡಗಿದ. ಕೊನೆಯ ದಿನ ಬಂದರಿನ ಪುಟ ಬಂತು. ಅಮ್ಮನ ಮಾತಿನ ನಡುವೆ ಟ್ರಾಂಟರನ ಕೈ ತಡೆಯಿತು. ಎರಡು ಬೆರಳ ನಡುವೆ ಒಂದು ಮೊಳೆ.

"ಇಲ್ಲೊಂದು ಅಕ್ಷರ ಬಿಟ್ಟುಹೋಗಿದೆ, ಮಿಸೆಸ್ ಕೇಟೋ. ಬಿಟ್ಟಿದ್ದು ನಾನಾ, ನಿಮ್ಮಮ್ಮನಾ?"

"ಅಮ್ಮ."

ಅವನು ಮೊಳೆಯನ್ನು ಮರಳಿ ಅದರ ಗೂಡಿಗೇ ಹಾಕಿ ಮುಂದಿನ ಪದಕ್ಕೆ ಕೈ ಚಾಚಿದ.