ಹನ್ನೊಂದು ಆರೋಗ್ಯವಂತ ತಲೆಗಳು

ಏಳನೆಯ ತಲೆಯೂ ಅದೇ ಆಗಿತ್ತು.

ಎಂಆರ್‌ಐ ತಂತ್ರಜ್ಞೆ ಎರಡು ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಒಂದನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಿದಳು. ಮೆದುಳಿನ ಮಡಿಕೆಗಳು ಗೆರೆಗೆ ಗೆರೆ ಕೂಡಿದವು. ಅವಳಿಜವಳಿಗಳಲ್ಲೂ ಹೀಗೆ ಕೂಡುವುದಿಲ್ಲ.

ಹೃದ್ರೋಗಿಗಳ ಮೆದುಳು ಹೇಗೆ ಸವೆಯುತ್ತದೆ ಎಂಬ ಅಧ್ಯಯನ ಅದು. ಹೋಲಿಕೆಗೆ ಹನ್ನೊಂದು ಮಂದಿ ಆರೋಗ್ಯವಂತರು. ಭಾನುವಾರಗಳಂದು ತಾನೇ ಅವರ ಚಿತ್ರ ತೆಗೆದೆ ಎಂದಿದ್ದರು ಹಿರಿಯ ಡಾಕ್ಟರು. ಪತ್ರಿಕೆಗೆ ಕಳಿಸುವ ಮುನ್ನ ಜೋಡಿಸಿಡುವುದಷ್ಟೇ ಅವಳ ಕೆಲಸ. ಸಂಜೆಯೊಳಗೆ ಎಲ್ಲವನ್ನೂ ನೋಡಿದಳು. ಹನ್ನೊಂದೂ ಒಂದೇ ತಲೆ.

ಆ ಡಾಕ್ಟರ ಬಗ್ಗೆ ಅವಳಿಗೆ ಮೊದಲೇ ಅಸಹ್ಯ. ಎರಡು ತಿಂಗಳಿಂದ ಆತ ಅವಳೊಂದಿಗೆ ವಿಪರೀತ ಮೆದುವಾಗಿದ್ದ. ಅವಳಿಗೆ ಸ್ಟ್ರೆಚರ್ ತಳ್ಳಲು ಬಿಡುತ್ತಿರಲಿಲ್ಲ. ಮೆಟ್ಟಿಲ ಬಳಿ ಕಾದು, "ನಿಧಾನ, ನಿಧಾನ" ಎನ್ನುತ್ತಿದ್ದ.

"ಕಣ್ಮುಚ್ಚಿ ಹಾಲು ಕುಡಿಯೋ ಬೆಕ್ಕು ಕಣಮ್ಮ ಅದು," ಎಂದು ಆಯಾ ನಕ್ಕಿದ್ದಳು. "ಹುಷಾರು."

ತಂತ್ರಜ್ಞೆ ಯಂತ್ರದೊಳಗಿನ ಮೂಲಪ್ರತಿ ತೆರೆದಳು. ಹೆಸರು ಅಳಿಸಿತ್ತು, ಕ್ರಮಸಂಖ್ಯೆ ಉಳಿದಿತ್ತು. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಬಟಾಣಿಯಷ್ಟು ಉಬ್ಬಿತ್ತು. ಹನ್ನೊಂದು ಪ್ರತಿಗಳಲ್ಲಿ ಆ ಜಾಗ ನುಣ್ಣಗಿತ್ತು. ಯಾರೋ ಕೂತು ಒರೆಸಿದ್ದರು.

ಹಿಂದೆ ಕೆಮ್ಮು ಕೇಳಿತು. ಡಾಕ್ಟರು.

"ಇನ್ನೂ ಮನೆಗೆ ಹೋಗಿಲ್ವೇನಮ್ಮಾ?"

"ಯಾರ ತಲೆ ಸಾರ್ ಇದು?"

ಆತ ಪರದೆ ನೋಡಿದ. ಕುರ್ಚಿ ಎಳೆದುಕೊಂಡು ತೀರ ಹತ್ತಿರ ಕೂತ. ಬಾಯಿಂದ ಹಳಸಿದ ಕಾಫಿಯ ವಾಸನೆ.

"ಆರೋಗ್ಯವಂತರನ್ನ ಹಿಡಿದು ತರೋದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು."

"ಇವರು ಆರೋಗ್ಯವಂತರಾ? ಈ ಉಬ್ಬು ಒಡೆದ್ರೆ ಆಸ್ಪತ್ರೆ ಮುಟ್ಟೋದೇ ಅನುಮಾನ. ಆ ಜೀವಕ್ಕೆ ಹೇಳಿದ್ದೀರಾ?"

"ಹೇಳಿದ್ರೆ ಆಪರೇಷನ್‌ಗೆ ಓಡ್ತಾರೆ. ಅಲ್ಲಿ ಹೊಸ ಚಿತ್ರ ತೆಗೀತಾರೆ, ಹಳೇದು ಕೇಳ್ತಾರೆ. ನನ್ನ ಹದಿನೈದು ವರ್ಷದ ಕೆಲಸ ನೀರುಪಾಲು. ಪ್ರಬಂಧ ಅಚ್ಚಾಗ್ಲಿ, ನಾನೇ ಹೇಳ್ತೀನಿ. ಇನ್ನೊಂದೇ ತಿಂಗಳು."

"ಅಷ್ಟರಲ್ಲಿ ಸತ್ತರೆ?"

"ಸಾಯದ ಹಾಗೆ ನೋಡ್ಕೊಳ್ತಾ ಇದೀನಲ್ಲಮ್ಮ."

"ಥೂ! ನೀವೂ ಒಬ್ಬ ಡಾಕ್ಟ್ರಾ?"

"ರೇಗಬೇಡ, ರೇಗಬೇಡ." ಆತನ ಒದ್ದೆ ಅಂಗೈ ಅವಳ ಭುಜದ ಮೇಲೆ ಬಂತು. "ಬಿಪಿ ಏರುತ್ತೆ. ಒಂದು ತಿಂಗಳು ರಜೆ ತಗೋ. ಆರಾಮಾಗಿ ಮಲಗಿರು, ಸಂಬಳ ನಾನು ಕೊಡಿಸ್ತೀನಿ."

ಬಾಯಿ ಮುಚ್ಚಿಸುವ ಲಂಚ. ಅವಳು ಆ ಕೈಯನ್ನು ಹಲ್ಲಿ ಕೊಡವಿದಂತೆ ಕೊಡವಿ ಎದ್ದು ಹೊರಗೋಡಿದಳು.

ಹೊರಗಿನ ಮೇಜಿನ ಮೇಲೆ ದಿನಚರಿಯ ದಪ್ಪ ಪುಸ್ತಕ. ಯಂತ್ರದೊಳಗೆ ಹೋದವರೆಲ್ಲರ ಕ್ರಮಸಂಖ್ಯೆ, ಹೆಸರು, ಫೋನ್ ನಂಬರ್ ಅದರಲ್ಲಿದ್ದವು. ಎಡಗೈಯಲ್ಲಿ ಫೋನ್ ಎತ್ತಿಕೊಂಡಳು. ಆ ಬಡಪಾಯಿ ಊಟ ಮಾಡುತ್ತಿರಲಿ, ನಿದ್ದೆ ಮಾಡುತ್ತಿರಲಿ, ಎಬ್ಬಿಸಿ ಈ ಗಳಿಗೆಯಲ್ಲೇ ಹೇಳಬೇಕು. ಬಲಗೈ ಬೆರಳು ಪುಟದ ಮೇಲಿಂದ ಕೆಳಗೆ ಓಡಿತು.

"ಓಡಬೇಡಮ್ಮಾ!" ಒಳಗಿಂದ ಡಾಕ್ಟರು ಕೂಗುತ್ತಲೇ ಇದ್ದರು.

ಕ್ರಮಸಂಖ್ಯೆ ಸಿಕ್ಕಿತು. ಎರಡು ತಿಂಗಳ ಹಿಂದಿನ ದಿನಾಂಕ. ಎದುರಿಗೆ ಅವಳದೇ ಕೈಬರಹ: "ರೋಗಿಗಳಿಲ್ಲ. ರಿಪೇರಿಯ ನಂತರ ಯಂತ್ರದ ಪರೀಕ್ಷೆ. ಒಳಗೆ ಮಲಗಿದವಳು ನಾನು."