ಮುಸುಕಿನವನ ತವರು

ಚಳಿ ಹಿಂಜರಿದು, ಹಸುಗಳು ಒಂದರ ಹಿಂದೊಂದು ಕರು ಹಾಕುವ ಕಾಲ. ಕೊಟ್ಟಿಗೆಯಲ್ಲಿ ಕೈಗೆ ಬಿಡುವಿಲ್ಲ. ಅಂಥ ಹೊತ್ತಿನಲ್ಲೂ ಮನೆಯ ಮಗ ಸಲಿಕೆಗೆ ಒರಗಿ ನಿಂತು ಫೋನಿನ ಗುಂಪೊಂದರಲ್ಲಿ ಬರೆಯುತ್ತ ಜಗಳವಾಡುತ್ತಿದ್ದ.

"ಮುಸುಕಿನವನು ಗಾಜಿನ ಲೋಕದವನು. ಎರಡು ಮಾತಿಲ್ಲ."

ಮುಸುಕಿನವನು ಒಂದು ವಿಡಿಯೋ ಆಟದ ನಾಯಕ. ಮುಖ ತೋರಿಸುವುದಿಲ್ಲ, ಮಾತಾಡುವುದಿಲ್ಲ. ಅವನು ಹುಟ್ಟಿದ ಲೋಕ ಯಾವುದೆಂದು ಆಟ ಮಾಡಿದವರು ಹೇಳಿರಲಿಲ್ಲ. ಅಭಿಮಾನಿಗಳ ಗುಂಪು ಹೋಳಾಗಲು ಅಷ್ಟೇ ಸಾಕಾಗಿತ್ತು. ಗೋಪುರಗಳ ಗಾಜಿನ ಲೋಕ ಎನ್ನುವವರಿಗೆ ಕೊಟ್ಟಿಗೆಯ ಈ ಹುಡುಗನೇ ಮುಂದಾಳು. ಗುಂಪಿನಲ್ಲಿ ಇವನ ಹೆಸರು 'ಗಾಜುದೊರೆ'. ತಾನು ಮಹಾನಗರದ ಮಹಡಿಮನೆಯಲ್ಲಿ ಬೆಳೆದವನೆಂದು ಅಲ್ಲಿ ಹೇಳಿಕೊಂಡಿದ್ದ. ಸಗಣಿ ಮೆತ್ತಿದ ಬೆರಳು ಅಕ್ಷರದಲ್ಲಿ ಕಾಣುವುದಿಲ್ಲವಲ್ಲ.

ದನಗಾಹಿಗಳ ಹುಲ್ಲಿನ ಲೋಕದ ಪರವಾಗಿ ಜಗ್ಗದೆ ನಿಂತವನು 'ಮುಳ್ಳುಹಂದಿ'. ಅವನ ಉತ್ತರ ಬಂತು.

"ದೊರೆ, ಅವನು ಗೇಟು ದಾಟೋದನ್ನ ನೋಡಿದೀಯಾ? ತಿರುಗಿ ನೋಡಲ್ಲ, ಹಿಮ್ಮಡೀಲಿ ತಳ್ಳಿ ಮುಚ್ತಾನೆ. ಎರಡೂ ಕೈಲಿ ಬಕೆಟ್ ಹಿಡಿದು ಬೆಳೆದವರು ಹಾಗೆ ಮಾಡೋದು. ಸವಾರಿಮೃಗದ ಹತ್ರ ಹೋದ್ರೆ ಮೊದಲು ಬೆನ್ನ ಮೇಲೆ ಅಂಗೈ ಇಡ್ತಾನೆ. ಗೋಪುರದಲ್ಲಿ ಇದನ್ನ ಯಾರಪ್ಪಾ ಕಲಿಸ್ತಾರೆ?"

ಗಾಜುದೊರೆಯ ಕಿವಿ ಬಿಸಿಯಾಯಿತು. ಮುಳ್ಳುಹಂದಿಯ ಮಾತು ನಿಜವೆಂದು ಆಟ ಆಡಿದ ಮೊದಲ ದಿನವೇ ಅವನಿಗೆ ಗೊತ್ತಾಗಿತ್ತು. ಈ ಮನೆಯಲ್ಲಿ ಗೇಟನ್ನು ಕೈಯಿಂದ ಮುಚ್ಚಿದವರೇ ಇಲ್ಲ. ಆದರೆ ಒಪ್ಪಿಕೊಂಡರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ.

"ಸಗಣಿ ಬಾಚೋ ಮನೇಲಿ ಹುಟ್ಟಿದವರಿಗೆ ವೀರರೂ ದನ ಕಾಯೋರ ಹಾಗೇ ಕಾಣ್ತಾರೆ," ಎಂದು ಬರೆದ. ಗುಂಪಿನ ತುಂಬ ನಗುವಿನ ಗುರುತುಗಳು ಸುರಿದವು.

"ಹಾಗಾದ್ರೆ ಬಾಜಿ," ಎಂದ ಮುಳ್ಳುಹಂದಿ. "ಅವನ ಲೋಕ ಯಾವುದು ಅಂತ ಮಧ್ಯಾಹ್ನ ಹೇಳ್ತಾರಂತೆ. ಸೋತವರು ತಮ್ಮ ಮನೆ ಮುಂದೆ, ತಾಯಿ ಜೊತೆ ನಿಂತು ಫೋಟೋ ಹಾಕಬೇಕು. ಯಾರು ಎಂಥ ಮನೇಲಿ ಹುಟ್ಟಿದ್ದು ಅಂತ ನೋಡೇಬಿಡೋಣ."

ಎಲ್ಲರೂ ನೋಡುತ್ತಿದ್ದರು. "ಆಯ್ತು," ಎಂದು ಬರೆದ.

"ಆ ಫೋನಿಗೂ ಒಂಚೂರು ಮೇವು ಹಾಕಿಬಿಡೋ, ಪಾಪ, ಬೆಳಗಿಂದ ದುಡೀತಾ ಇದೆ," ಎಂದಳು ಅಮ್ಮ, ಹಾಲಿನ ಬಕೆಟ್ ಇಳಿಸುತ್ತ. ಮೊಣಕಾಲವರೆಗೆ ರಬ್ಬರ್ ಬೂಟು, ಕೆನ್ನೆಗೆ ಸಗಣಿಯ ಗೆರೆ. "ನಾನು ಕೆಲಸಕ್ಕೆ ಹೋಗಿದ್ನಲ್ಲ, ಆ ಊರಿನ ಹುಡುಗರೂ ನಿನ್ನ ಹಾಗೇನೇ..."

"ಅಮ್ಮಾ, ಆ ಸುದ್ದಿ ಎತ್ತಬೇಡ ಅಂದಿಲ್ವಾ?"

ಅಮ್ಮ ಮುಂದಿನ ಹಸುವಿನ ಕಡೆ ಹೊರಟಳು.

ಹಿಂದೊಂದು ಬೇಸಿಗೆಯಲ್ಲಿ ಅವಳು ಕೆಲವು ವಾರ ನಗರಕ್ಕೆ ಹೋಗಿ ದುಡಿದು ಬಂದಿದ್ದಳು. ಏನು ಕೆಲಸ ಎಂದರೆ, "ನಡಿ ಅಂದ್ರು, ನಡೆದೆ. ಬಗ್ಗು ಅಂದ್ರು, ಬಗ್ಗಿದೆ," ಎಂದು ನಕ್ಕಿದ್ದಳು. ಯಾರದೋ ಮನೆಯ ಮುಸುರೆ ತಿಕ್ಕಿದ್ದನ್ನು ನಗುವಿನಲ್ಲಿ ಮುಚ್ಚಿಡುತ್ತಿದ್ದಾಳೆ ಎಂದು ಅವನು ತಿಳಿದ. ಮುಂದೆ ಕೇಳಲಿಲ್ಲ. ನೆರೆಯವರಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದಳು ಎಂದುಬಿಟ್ಟ.

ಮಧ್ಯಾಹ್ನ ಫೋನು ಗುಂಯ್ಗುಟ್ಟಿತು. ಆಟ ಮಾಡಿದವರ ಪ್ರಕಟಣೆ: 'ಮುಸುಕಿನವನ ತವರು ಹುಲ್ಲಿನ ಲೋಕ. ಅವನನ್ನು ರೂಪಿಸಿದ್ದು ಹೇಗೆ? ವಿಡಿಯೋ ಸಂಜೆಗೆ.'

"ದೊರೆಗಳೇ, ಅರಮನೆ ತೋರಿಸಿ!" ಎಂದು ಗುಂಪಿನಲ್ಲೊಬ್ಬ ಬರೆದ.

"ಲಿಫ್ಟ್ ಕೆಟ್ಟಿರಬೇಕು, ಇಳಿದು ಬರೋಕೆ ತಡ ಆಗ್ತಿದೆ."

ಅವನು ತಲೆಯೆತ್ತಿ ನೋಡಿದ. ಆಗಷ್ಟೇ ಹುಟ್ಟಿದ ಕರುವಿನ ಮೈಯನ್ನು ಅಮ್ಮ ಒಣಹುಲ್ಲಿನಿಂದ ತಿಕ್ಕುತ್ತಿದ್ದಳು. ಒಂದು ಫೋಟೋ, ಮುಗಿದುಹೋಗುತ್ತದೆ. ಫೋನು ಎತ್ತಿದ.

"ಅಯ್ಯೋ, ನನ್ನದಾ? ತಡಿಯೋ, ಈ ಅವತಾರದಲ್ಲಿ ಬೇಡ. ಮುಖ ತೊಳ್ಕೊಂಡು ಬಂದೆ." ಅಮ್ಮ ಎಂದೂ ಇಲ್ಲದ ಸಡಗರದಿಂದ ಒಳಗೆ ಓಡಿದಳು.

ಅವಳು ತಲೆ ಬಾಚಿಕೊಂಡು ಹೊರಗೆ ಬರುವಷ್ಟರಲ್ಲಿ ಅವನು ಹಾಲಿನ ಕ್ಯಾನು ಹಿಡಿದು ಬೀದಿಗಿಳಿದಾಗಿತ್ತು.

ದನದ ಡಾಕ್ಟರ ಮನೆಗೆ ಹಾಲು ಹೋಗುವುದು ಇವರಿಂದಲೇ. ಮಹಡಿಮನೆ, ಗಾಜಿನ ಬಾಗಿಲು. ಡಾಕ್ಟರ ಹೆಂಡತಿ ಪಾತ್ರೆ ಹಿಡಿದು ಬಂದರು.

"ಮೇಡಂ, ಒಂದು ಫೋಟೋ ತೆಗೀಲಾ? ಡೈರಿಯವರು ಖಾಯಂ ಗಿರಾಕಿಗಳದ್ದು ಕೇಳಿದಾರೆ. ಹಾಲು ಕೊಡೋರೂ ಜೊತೆಗಿರಬೇಕಂತೆ."

"ಅದಕ್ಕೇನಂತೆ! ಆದ್ರೆ ಅಷ್ಟು ದೂರ ನಿಂತ್ರೆ ಹೇಗೋ? ಹತ್ತಿರ ಬಾ ಮಗಾ."

ಅವನು ಹತ್ತಿರ ಹೋದ. ಕ್ಯಾನನ್ನು ಕಾಲಿನಿಂದ ಆಚೆ ಸರಿಸಿದ.

ಬೀದಿಯ ತಿರುವಿನಲ್ಲಿ ನಿಂತು ಫೋಟೋ ಹಾಕಿದ. ಕೆಳಗೆ ಬರೆದ: "ನಮ್ಮ ಮನೆ. ನನ್ನ ತಾಯಿ. ಬಾಜಿ ತೀರಿತು."

ಮುಳ್ಳುಹಂದಿಯಿಂದ ಅಣಕದ ಮಾತು ಬರಬಹುದೆಂದು ಕಾದ. ಬಂದದ್ದು ಬೇರೆ. "ಮಾತು ಉಳಿಸಿಕೊಂಡೆ ದೊರೆ. ಬೆಳಿಗ್ಗೆ ನಾನೂ ಬಿರುಸಾಗಿ ಮಾತಾಡಿದೆ. ಅಮ್ಮನಿಗೆ ನನ್ನ ನಮಸ್ಕಾರ ಹೇಳು."

ಅವನಿಗೆ ಮನೆಯ ದಾರಿ ಹಿಡಿಯಲಾಗಲಿಲ್ಲ. ಖಾಲಿ ಕ್ಯಾನಿನ ಪಕ್ಕ ಕಟ್ಟೆಯ ಮೇಲೆ ಕುಳಿತ. ಸಂಜೆಯಾಯಿತು. ವಿಡಿಯೋ ಬಂತು. ಗುಂಪಿಗೆ ಗುಂಪೇ ನೋಡತೊಡಗಿತು.

ಕಿಟಕಿಯಿಲ್ಲದ ದೊಡ್ಡ ಕೋಣೆ. ಮೈಗಂಟಿದ ಕಪ್ಪು ಉಡುಪು, ಮೈಯ ಚಲನೆಯನ್ನು ಕ್ಯಾಮೆರಾ ಗುರುತು ಹಿಡಿಯಲೆಂದು ಅದರ ತುಂಬ ಬಿಳಿ ಚುಕ್ಕಿ, ತಲೆಗೂ ಮುಖಕ್ಕೂ ಕಪ್ಪು ಮುಸುಕು ಹಾಕಿಕೊಂಡ ಯಾರೋ ಬಕೆಟ್ ಹಿಡಿದು ಬಂದು ಗೇಟು ದಾಟಿ, ತಿರುಗದೆ, ಹಿಮ್ಮಡಿಯಿಂದ ತಳ್ಳಿ ಮುಚ್ಚಿದರು. ಪಕ್ಕದ ಪರದೆಯಲ್ಲಿ ಮುಸುಕಿನವನೂ ಅದೇ ಕ್ಷಣಕ್ಕೆ ಹಾಗೇ ಮುಚ್ಚಿದ. "ನಟರನ್ನು ನಡೆಸಿ ನೋಡಿದೆವು, ಯಾಕೋ ಸುಳ್ಳು ಅನ್ನಿಸುತ್ತಿತ್ತು," ಎನ್ನುತ್ತಿತ್ತು ಹಿನ್ನೆಲೆಯ ದನಿ. "ಕೊನೆಗೆ ಕೊಟ್ಟಿಗೆಯಿಂದಲೇ ಒಬ್ಬರನ್ನು ಕರೆತಂದೆವು. ನಿಮ್ಮ ವೀರನ ಒಂದೊಂದು ಹೆಜ್ಜೆಯೂ ಇವರದೇ."

ಆ ವ್ಯಕ್ತಿ ಬಕೆಟ್ ಇಳಿಸಿದರು. ಮುಸುಕು ಕಿತ್ತು ಬೆವರು ಒರೆಸಿಕೊಂಡು, "ಸಾಕೇನ್ರಪ್ಪಾ, ಇನ್ನೊಂದ್ಸಲ ನಡೀಲಾ?" ಎಂದು ನಗುತ್ತ ಕೇಳಿದವಳು ಅವನ ಅಮ್ಮ.